ದುರಸ್ತಿಗೆ ಸಿಗುವ ವೇಳೆ

ವಿಕಿರಣ ಚಿಕಿತ್ಸೆಯ ಫಲವನ್ನು ಕಿರಣದ ತೀವ್ರತೆಯೊಂದೇ ನಿರ್ಧರಿಸುವುದಿಲ್ಲ. ಕಿರಣ ತಾಗಿದ ಮೇಲೆ ಜೀವಕೋಶವು ತನ್ನ ಡಿಎನ್‌ಎಯನ್ನು ಎಷ್ಟರ ಮಟ್ಟಿಗೆ ಸರಿಪಡಿಸಿಕೊಳ್ಳುತ್ತದೆ ಎಂಬುದೂ ನಿರ್ಧರಿಸುತ್ತದೆ. ವಿಕಿರಣವನ್ನು ಅಳೆಯುವ ಮಾನವಾದ ಗ್ರೇಯ ಲೆಕ್ಕದಲ್ಲಿ 1 ಗ್ರೇ ತಾಗಿದ ಕೋಶದಲ್ಲಿ ಸುಮಾರು 1000 ಕಡೆ ಡಿಎನ್‌ಎಯ ಒಂದು ಎಳೆ ಮಾತ್ರ ಕಡಿಯುತ್ತದೆ, 40ರಷ್ಟು ಕಡೆ ಎರಡೂ ಎಳೆಗಳು ಕಡಿಯುತ್ತವೆ. ಮೊದಲನೆಯದನ್ನು ಕೋಶ ಬೇಗ ಕೂಡಿಸಿಕೊಳ್ಳುತ್ತದೆ. ಎರಡನೆಯದು ಕೂಡದೆ ಅಥವಾ ತಪ್ಪಾಗಿ ಕೂಡಿ ಉಳಿದರೆ ಕೋಶ ವಿಭಜನೆಯ ಹೊತ್ತಿಗೆ ಸಾಯುತ್ತದೆ. ಆರೋಗ್ಯವಂತ ಅಂಗಾಂಶ ಸಾಮಾನ್ಯವಾಗಿ ಗೆಡ್ಡೆಗಿಂತ ಚೆನ್ನಾಗಿ ದುರಸ್ತಿ ಮಾಡಿಕೊಳ್ಳುವುದರಿಂದಲೇ ಚಿಕಿತ್ಸೆಯನ್ನು ದಿನಕ್ಕೆ 2 ಗ್ರೇಯಷ್ಟು ಸಣ್ಣ ಕಂತುಗಳಲ್ಲಿ ವಾರಗಟ್ಟಲೆ ಕೊಡಲಾಗುತ್ತದೆ.

ಕೀನ್ಯಾದ ಮಹಿಳೆಯರನ್ನು ಬಲಿ ತೆಗೆದುಕೊಳ್ಳುವ ಕ್ಯಾನ್ಸರ್‌ಗಳಲ್ಲಿ ಮುಂಚೂಣಿಯಲ್ಲಿರುವ ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಈ ದುರಸ್ತಿಯ ಕಥೆ ಇನ್ನಷ್ಟು ಗಹನವಾಗುತ್ತದೆ. ಅದಕ್ಕೆ ಕಾರಣವಾದ ಎಚ್‌ಪಿವಿ ವೈರಸ್ಸಿನ ಇ6 ಎಂಬ ಪ್ರೋಟೀನು, ಡಿಎನ್‌ಎ ಕೆಟ್ಟಾಗ ವಿಭಜನೆಯನ್ನು ತಡೆದು ದುರಸ್ತಿಗೆ ವೇಳೆ ಕೊಡುವ ಪಿ53 ಪ್ರೋಟೀನನ್ನು ನಾಶಮಾಡುತ್ತದೆ. ಆದರೆ ಕೆಟ್ಟ ಕೋಶ ತಾನಾಗಿ ಸಾಯುವಂತೆ ಮಾಡುವುದೂ ಅದೇ ಪಿ53 ಆದ್ದರಿಂದ ಈ ನಷ್ಟ ಚಿಕಿತ್ಸೆಗೆ ಸಂಪೂರ್ಣ ಅನುಕೂಲವೆನ್ನಲಾಗದು. ಆಮ್ಲಜನಕದ ಪಾತ್ರವೂ ದೊಡ್ಡದು. ಕಿರಣ ಮಾಡಿದ ಗಾಯವನ್ನು ಆಮ್ಲಜನಕ ದುರಸ್ತಿಗೆ ಬಗ್ಗದಂತೆ ಸ್ಥಿರಗೊಳಿಸುತ್ತದೆ. ರಕ್ತ ಸರಿಯಾಗಿ ತಲುಪದ ಗೆಡ್ಡೆಯ ಒಳಭಾಗದಲ್ಲಿ ಅದೇ ಪರಿಣಾಮಕ್ಕೆ ಎರಡೂವರೆಯಿಂದ ಮೂರು ಪಟ್ಟು ವಿಕಿರಣ ಬೇಕಾಗುತ್ತದೆ. ರಕ್ತಸ್ರಾವದಿಂದ ಬಸವಳಿದು ತಡವಾಗಿ ಆಸ್ಪತ್ರೆಗೆ ಬರುವ ಮಹಿಳೆಯ ರಕ್ತಹೀನತೆಯನ್ನು ಕಡೆಗಣಿಸಬಾರದೆಂಬುದಕ್ಕೆ ಇದೂ ಒಂದು ಕಾರಣ. ಡಿಎನ್‌ಎಯ ಎಳೆಗಳನ್ನು ಅಡ್ಡಕ್ಕೆ ಬಂಧಿಸಿ ದುರಸ್ತಿಯನ್ನು ತೊಡಕುಗೊಳಿಸುವ ಸಿಸ್ಪ್ಲಾಟಿನ್ ಔಷಧವನ್ನು ವಿಕಿರಣದ ಜೊತೆಗೇ ಕೊಡುವ ಪದ್ಧತಿ 1999ರ ಅಧ್ಯಯನಗಳ ನಂತರ ವ್ಯಾಪಕವಾಯಿತು.

ಇಷ್ಟೆಲ್ಲ ತಿಳಿವಳಿಕೆಯೂ ಕಂತು ತಪ್ಪಿದರೆ ವ್ಯರ್ಥವಾಗುತ್ತದೆ, ಏಕೆಂದರೆ ಬಿಡುವು ಸಿಕ್ಕಷ್ಟೂ ಉಳಿದ ಗೆಡ್ಡೆಯ ಕೋಶಗಳು ಮತ್ತೆ ಬೆಳೆಯುತ್ತವೆ. ಅದಕ್ಕಾಗಿಯೇ ಗರ್ಭಕಂಠದ ಕ್ಯಾನ್ಸರ್‌ಗೆ ಇಡೀ ಚಿಕಿತ್ಸೆ ಎಂಟು ವಾರಗಳೊಳಗೆ ಮುಗಿಯಬೇಕೆಂಬ ನಿಯಮವಿದೆ. ನೈರೋಬಿಯ ಕೆನ್ಯಾಟ್ಟಾ ರಾಷ್ಟ್ರೀಯ ಆಸ್ಪತ್ರೆಯು ಹಲವು ವರ್ಷ ದೇಶದ ಏಕೈಕ ಸಾರ್ವಜನಿಕ ವಿಕಿರಣ ಚಿಕಿತ್ಸಾ ಕೇಂದ್ರವಾಗಿತ್ತು. ದೂರದ ಜಿಲ್ಲೆಯ ಬಡ ಮಹಿಳೆಗೆ ಆ ನಿಯಮ ಪ್ರಯಾಣ, ವಸತಿ ಮತ್ತು ಸರದಿಯ ಪ್ರಶ್ನೆಯೇ ಆಗಿತ್ತು. ಈಗ ಕೆನ್ಯಾಟ್ಟಾ ವಿಶ್ವವಿದ್ಯಾಲಯದ ಆಸ್ಪತ್ರೆಯೂ ಸೇರಿದಂತೆ ಇತರ ಕೇಂದ್ರಗಳೂ ಕೆಲಸ ಮಾಡುತ್ತಿವೆ, 2019ರಲ್ಲಿ ಹತ್ತು ವರ್ಷದ ಹುಡುಗಿಯರಿಗೆ ಎಚ್‌ಪಿವಿ ಲಸಿಕೆಯೂ ಆರಂಭವಾಗಿದೆ. ಆದರೂ ಕಂತು ತಪ್ಪದಿರಬೇಕಾದರೆ, ಹೊಸ ವಿಕಿರಣ ಯಂತ್ರ ಕೊಳ್ಳುವ ಸರ್ಕಾರಗಳು ಅದರ ನಿರ್ವಹಣೆಗೂ, ರೋಗಿಯ ತಂಗುವಿಕೆಗೂ ಅದೇ ಆದೇಶದಲ್ಲಿ ಹಣ ಕಾದಿರಿಸಬೇಕು.