ಸಿದ್ದಿ ಜನರ ಅರಣ್ಯ ಹಕ್ಕಿನ ಅರ್ಜಿಗಳು

ಮಾನ್ಯ ಸಂಪಾದಕರಿಗೆ,

ಉತ್ಸವದ ವೇದಿಕೆಯ ಮೇಲೆ ಡಮಾಮಿ ನೃತ್ಯವಾಡಿದ ಸಿದ್ದಿ ಕಲಾವಿದರನ್ನು ಕುರಿತು ತಮ್ಮ ಪತ್ರಿಕೆಯು ಬರೆದ ಅಗ್ರಲೇಖನವನ್ನು ಓದಿದೆನು. ಶತಮಾನಗಳ ಕಾಲ ಕಾಡಿನ ಮರೆಯಲ್ಲಿ ಉಳಿದ ಜನವನ್ನು ಸರಕಾರವು ಕರೆತಂದು, ಹಾರ ಹಾಕಿ, ಸಹಸ್ರಾರು ಪ್ರೇಕ್ಷಕರೆದುರಿಗೆ ಮನ್ನಿಸಿದುದರಿಂದ ಅವರಿಗೆ ಸಾಮಾಜಿಕ ನ್ಯಾಯವು ದೊರೆತಂತಾಯಿತೆಂಬ ತಮ್ಮ ಅಭಿಪ್ರಾಯವನ್ನು, ಯಲ್ಲಾಪುರ ಸೀಮೆಯ ಕನ್ನಡ ಶಾಲೆಗಳಲ್ಲಿ ಆ ಜನರ ಮಕ್ಕಳಿಗೆ ಅಕ್ಷರ ಕಲಿಸಿ ವೃತ್ತಿಯಿಂದ ನಿವೃತ್ತನಾದ ನಾನು ಒಪ್ಪಲಾರೆ.

ಪೋರ್ತುಗೀಸರು ಗೋವೆಗೆ ತಂದು ಮಾರಿದ ಆಫ್ರಿಕದ ಗುಲಾಮರಲ್ಲಿ, ಒಡೆಯರ ಹಿಂಸೆಯನ್ನು ತಾಳಲಾರದೆ ಘಟ್ಟದ ಕಾಡುಗಳಿಗೆ ತಪ್ಪಿಸಿಕೊಂಡು ಬಂದವರ ಸಂತತಿಯೇ ಇಲ್ಲಿನ ಸಿದ್ದಿಗಳಲ್ಲಿ ಬಹುಮಂದಿ. ಅದೇ ಖಂಡದಿಂದ ಬಂದ ಮಲಿಕ್ ಅಂಬರನು 1626ರಲ್ಲಿ ಮಡಿಯುವ ತನಕ ಅಹಮದನಗರದ ಪರವಾಗಿ ಮೊಗಲರ ಸೈನ್ಯವನ್ನು ತಡೆದು ನಿಂತನು. ನಮ್ಮ ಬಿಜಾಪುರದ ಆದಿಲಶಾಹಿಯಲ್ಲಿಯೇ ಇಖ್ಲಾಸ್ ಖಾನನೆಂಬ ಆಫ್ರಿಕ ಮೂಲದ ಹಬಶಿಯು ಮಂತ್ರಿಪದವಿಗೇರಿದನು. ಕಾಡು ಸೇರಿದವರಿಗಾದರೋ ಪದವಿಯೂ ಇಲ್ಲ, ಪಹಣಿಯೂ ಇಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳಲ್ಲಿ ಅವರು ಹಿಂದೂಗಳಾಗಿ, ಕ್ರೈಸ್ತರಾಗಿ, ಮುಸಲ್ಮಾನರಾಗಿ, ಕನ್ನಡವನ್ನೂ ಕೊಂಕಣಿ ಮರಾಠಿಗಳನ್ನೂ ಆಡಿಕೊಂಡು ತಲೆತಲಾಂತರದಿಂದ ಬಾಳಿದ್ದರೂ, ಅವರ ಗುಂಗುರು ಕೂದಲನ್ನೂ ಮೈಬಣ್ಣವನ್ನೂ ಕಂಡೊಡನೆ ಪರದೇಶದವರೆಂದು ಎಣಿಸುವ ನಮ್ಮ ಅಭ್ಯಾಸವು ಇಂದಿಗೂ ಹೋಗಿಲ್ಲ. ಹುಬ್ಬಳ್ಳಿಯಿಂದ ಬರುವ ಬಸ್ಸಿನಲ್ಲಿ ನನ್ನ ಹಳೆಯ ಶಿಷ್ಯನೊಬ್ಬನಿಗೆ ಪಕ್ಕದ ಸಹಪ್ರಯಾಣಿಕರು ಇಂಗ್ಲಿಷಿನಲ್ಲಿ, ಯಾವ ದೇಶದಿಂದ ಬಂದಿರಿ ಎಂದು ಕೇಳಿದರು. ಅವನು ಕಂಡಕ್ಟರನ ಕಡೆಗೆ ತಿರುಗಿ, “ಕಿರವತ್ತಿಗೆ ಒಂದು ಕೊಡ್ರಿ” ಎಂದಾಗ ಸುತ್ತಲಿನವರು ನಕ್ಕರು, ಅವನು ನಗಲಿಲ್ಲ. 2016ರ ಆರಂಭದಲ್ಲಿ ಬೆಂಗಳೂರಿನ ಹೊರವಲಯದಲ್ಲಿ ತಾಂಜಾನಿಯದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪೊಂದು ಎರಗಿದ ಸುದ್ದಿ ಬಂದಾಗ, ಆ ಊರಿನಲ್ಲಿ ಕೂಲಿಗಿದ್ದ ಸಿದ್ದಿ ಹುಡುಗನೊಬ್ಬನ ತಾಯಿಯು ನನ್ನ ಮನೆಯ ಜಗಲಿಯಲ್ಲಿ ಕುಳಿತು, “ಮಾಸ್ತರೇ, ಮಗನನ್ನ ಊರಿಗೆ ಕರೆಸಿಕೊಳ್ಳಲೋ?” ಎಂದು ಕೇಳಿದಳು. ಅವಳಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ.

ಸರಕಾರದ ಸದುದ್ದೇಶಗಳೂ ರೂಪವನ್ನು ಕಂಡು ಜನರನ್ನು ಎಣಿಸುವ ಈ ಅಭ್ಯಾಸದಿಂದ ಮುಕ್ತವಾಗಿರಲಿಲ್ಲ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಯೋಜನೆಯೊಂದನ್ನು ಹೂಡಿ, ಆಫ್ರಿಕದ ರಕ್ತವಿದ್ದವರು ಓಟದಲ್ಲಿ ಗೆಲ್ಲಲೇಬೇಕೆಂಬ ನಂಬಿಕೆಯಿಂದ ಸಿದ್ದಿ ಮಕ್ಕಳನ್ನು ಆರಿಸಿ ಊರುಬಿಡಿಸಿ ಕರೆದೊಯ್ದಿತು. ಕೆಲವೇ ವರ್ಷಗಳಲ್ಲಿ ಆ ಯೋಜನೆಯನ್ನು ಮುಚ್ಚಿ ಅವರನ್ನು ಹಿಂದಕ್ಕೆ ಕಳುಹಿಸಿತು. ದೇಹವನ್ನು ಬೇಡಿದವರು ಆ ಮಕ್ಕಳ ಮುಂದಿನ ಬದುಕನ್ನು ವಿಚಾರಿಸಲಿಲ್ಲ.

ಆದರೆ ಅನ್ಯಾಯದ ಬೇರು ಇರುವುದು ನೆಲದಲ್ಲಿ. ನಮ್ಮ ಜಿಲ್ಲೆಯಲ್ಲಿ ಅಡಿಕೆ ತೋಟದ ಒಡೆಯರಿಗೆ ಬ್ರಿಟಿಷರ ಕಾಲದಿಂದಲೂ ಸೊಪ್ಪಿನ ಬೆಟ್ಟದ ಸವಲತ್ತಿದೆ. ಸರಕಾರದ ಕಾಡಿನಿಂದಲೇ ಸೊಪ್ಪನ್ನೂ ದರಕನ್ನೂ ಅವರು ತೋಟಕ್ಕೆ ತರಿಸಿಕೊಳ್ಳಬಹುದು. ಆ ಸೊಪ್ಪನ್ನು ತಲೆಯ ಮೇಲೆ ಹೊತ್ತು ತಂದು, ಸಾಲದ ಆಳಾಗಿ ತಂದೆಯ ತರುವಾಯ ಮಗ ದುಡಿದ ಸಿದ್ದಿಯು, ಅದೇ ಬೆಟ್ಟದ ಅಂಚಿನಲ್ಲಿ ಗುಡಿಸಲು ಕಟ್ಟಿ ನಾಲ್ಕು ಗುಂಟೆ ಗದ್ದೆ ಮಾಡಿದರೆ ಅವನಿಗೆ ಬಂದ ಹೆಸರು ಅತಿಕ್ರಮಣದಾರ! 1974ರ ಭೂಸುಧಾರಣೆಯು ಉಳುವ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಆಳಾಗಿದ್ದವನ ಹೆಸರು ಯಾವ ಗೇಣಿಪತ್ರದಲ್ಲಿಯೂ ಇಲ್ಲದುದರಿಂದ ಆ ಮಹತ್ಕಾರ್ಯದ ಫಲವು ಅವನಿಗೆ ತಲಪಲಿಲ್ಲ.

2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2006ರ ಅರಣ್ಯ ಹಕ್ಕು ಕಾಯಿದೆಯು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅರಣ್ಯಭೂಮಿಯಲ್ಲಿ ವಾಸಿಸಿ ಸಾಗುವಳಿ ಮಾಡುತ್ತಿರುವ ಪಂಗಡದವರಿಗೆ ನಾಲ್ಕು ಹೆಕ್ಟೇರಿನವರೆಗೆ ಹಕ್ಕನ್ನಿತ್ತಿತು. ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸದ ರುಜುವಾತನ್ನು ಕಾಯಿದೆಯು ಕೇಳಿರುವುದು ಪಂಗಡಕ್ಕೆ ಸೇರದ ಇತರ ಅರಣ್ಯವಾಸಿಗಳಿಂದ ಮಾತ್ರ. ಹೀಗಿದ್ದೂ ನಾನು ಬಲ್ಲ ಸಿದ್ದಿ ವೃದ್ಧರೊಬ್ಬರಿಗೆ ಕಚೇರಿಯೊಂದರಲ್ಲಿ 75 ವರ್ಷಗಳ ಕಾಗದ ತರಬೇಕೆಂದು ಹೇಳಿ ಅರ್ಜಿಯನ್ನು ಹಿಂದಿರುಗಿಸಿದರು. ಅವರ ಬಳಿಯಲ್ಲಿದ್ದುದು ಅತಿಕ್ರಮಣಕ್ಕಾಗಿ ಅರಣ್ಯ ಇಲಾಖೆಯು ವಸೂಲು ಮಾಡಿದ ದಂಡದ ರಸೀದಿಯೊಂದೇ. ಮಡಿಕೆಗಳಲ್ಲಿ ಹರಿದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಗುಡಿಸಲಿನ ಜಂತಿಗೆ ಸಿಕ್ಕಿಸಿಟ್ಟಿದ್ದ ಕಾಗದ. ಅವರನ್ನು ಅಪರಾಧಿಯೆಂದು ಬರೆದ ಆ ಚೀಟಿಯೇ ಅವರು ಆ ನೆಲದಲ್ಲಿದ್ದುದಕ್ಕೆ ಸರಕಾರದ ಸ್ವಹಸ್ತದ ಸಾಕ್ಷಿಯಲ್ಲವೇ? ಕಾಗದವಿಲ್ಲದ ಜನರಿಗಾಗಿಯೇ ಕಾಯಿದೆಯ ನಿಯಮಗಳು ಹಿರಿಯರ ಹೇಳಿಕೆಯನ್ನೂ, ಮನೆ, ಬಾವಿ, ಸ್ಮಶಾನ, ದೇವರ ಸ್ಥಾನಗಳನ್ನೂ ಪುರಾವೆಯೆಂದು ಅಂಗೀಕರಿಸಿವೆ. ಸಿದ್ದಿಗಳು ಕಾಡಿನಲ್ಲಿ ಪೂಜಿಸುವ ಸಿದ್ದಿನಾಸನ ಕಲ್ಲು ಉತ್ಸವಕ್ಕೆ ಜಾನಪದವಾಗುವುದಾದರೆ ಅರ್ಜಿಗೆ ಪುರಾವೆಯೇಕಾಗದು?

2020ರಲ್ಲಿ ಸಿದ್ದಿ ಸಮಾಜದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ನನಗೂ ಅದು ಹೆಮ್ಮೆಯ ದಿನವಾಗಿತ್ತು. ಕಲಾವಿದರಿಗೆ ಸಂದ ಮನ್ನಣೆಯ ವಿಷಯದಲ್ಲಿಯೂ ನನಗೆ ಅಸಮಾಧಾನವಿಲ್ಲ. ನನ್ನ ಆಕ್ಷೇಪವು ಇಷ್ಟೇ: ಸರಕಾರಕ್ಕೆ ಯಾವ ವೆಚ್ಚವನ್ನೂ ತಾರದ, ಯಾರ ಸವಲತ್ತನ್ನೂ ಕದಲಿಸದ ಗೌರವವನ್ನು ತಾವು ನ್ಯಾಯವೆಂದು ಕರೆದಿರಿ. ಪರದೇಶದವರೆಂಬ ಬಸ್ಸಿನೊಳಗಿನ ಶಂಕೆಯೂ, ಇಲ್ಲಿ ಬಾಳಿದುದಕ್ಕೆ ಪುರಾವೆ ಸಾಲದೆಂಬ ಕಚೇರಿಯ ಶಂಕೆಯೂ ಒಂದೇ ಮೂಲದಿಂದ ಹುಟ್ಟಿದವೆಂದು ನಾನು ನಂಬಿದ್ದೇನೆ. ಆದುದರಿಂದ ತಮ್ಮ ವರದಿಗಾರರನ್ನು ಮುಂದಿನ ಉತ್ಸವಕ್ಕೆ ಕಳುಹಿಸುವ ಮೊದಲು ಅರಣ್ಯ ಹಕ್ಕಿನ ಅರ್ಜಿಗಳನ್ನು ಪರಿಶೀಲಿಸುವ ಉಪವಿಭಾಗ ಮಟ್ಟದ ಸಮಿತಿಗೆ ಕಳುಹಿಸಿರಿ. ಸಿದ್ದಿಗಳ ಎಷ್ಟು ಅರ್ಜಿಗಳು ತಿರಸ್ಕೃತವಾಗಿವೆ, ತಿರಸ್ಕಾರದ ಕಾರಣವನ್ನು ಬರೆದು ಅರ್ಜಿದಾರನ ಕೈಗೆ ಕೊಟ್ಟಿದ್ದಾರೆಯೇ, ಮೇಲ್ಮನವಿಗೆ ಇರುವ 60 ದಿನಗಳ ಅವಧಿಯನ್ನು ಅವನಿಗೆ ತಿಳಿಸಿದ್ದಾರೆಯೇ ಎಂಬುದನ್ನು ತಾಲೂಕುವಾರಾಗಿ ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ
ಯಲ್ಲಾಪುರ ತಾಲೂಕು, ಉತ್ತರ ಕನ್ನಡ