ಪಕ್ಕದ ಸೀಟಿನ ಪ್ರಶ್ನೆ

ಕಾರು ಕೊಳ್ಳುವ ಮಾತು ಎದ್ದರೆ ಸಾಕು, ನಮ್ಮ ಅಲೀಪುರದ ಜಗಲಿಗಳಲ್ಲಿ ಎರಡು ಪಕ್ಷ ಹುಟ್ಟಿಕೊಳ್ಳುತ್ತವೆ. 'ನಮ್ಮ ದೇಶದ ಗಾಡಿಗಿರುವ ತಾಕತ್ತು ಯಾವುದಕ್ಕಿದೆ?' ಎಂದು ಮಾಮು ಮೀಸೆ ತಿರುವಿದರೆ, 'ಹೊರಗಿನ ಗಾಡಿಯ ನಯವೇ ಬೇರೆ ಮಾಮು' ಎಂದು ಅಳಿಯ ನಗುತ್ತಾನೆ. ಗಂಟೆಗಟ್ಟಲೆ ನಡೆಯುವ ಈ ವಾದಕ್ಕೆ ಚಹಾ ಕಾಸಿ ಕೊಡುವ ನಮ್ಮನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೂ ಬಣ್ಣ ಯಾವುದಿರಲಿ ಎಂದಷ್ಟೇ.

ನನ್ನನ್ನು ಕೇಳಿದರೆ ಈ ಜಗಳವೇ ಪೊಳ್ಳು. ಸ್ವದೇಶಿಯ ಹೆಮ್ಮೆಯೆಂದು ದಶಕಗಳ ಕಾಲ ಮೆರೆದು 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್‌ನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಪದ್ಮಿನಿ ಇಟಲಿಯ ಫಿಯೆಟ್ ಮನೆತನದವಳು. ಉದ್ದ ಮೂತಿಯ ಕಾಂಟೆಸ್ಸಾವನ್ನು ನೆನೆದು 'ಅದು ಗಾಡಿ ಅಂದರೆ' ಎಂದು ಗಂಡಸರು ಇಂದಿಗೂ ನಿಟ್ಟುಸಿರಿಡುತ್ತಾರಲ್ಲ, ಅದರ ಮೈಕಟ್ಟು ಬ್ರಿಟನ್ನಿನ ವಾಕ್ಸ್‌ಹಾಲ್‌ನದು, ಆಮೇಲೆ ಕೂರಿಸಿದ ಎಂಜಿನ್ ಜಪಾನಿನ ಇಸುಜುವಿನದು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿಯ ಜೊತೆಗಾರ ಸುಜುಕಿಯೂ ಜಪಾನಿನವನೇ. ಇತ್ತ ವಿದೇಶಿ ಎನ್ನುವ ಟೊಯೋಟಾ ಕಾರುಗಳು 1999ರಿಂದ ನಮ್ಮ ಬಿಡದಿಯಲ್ಲೇ ತಯಾರಾಗುತ್ತಿವೆ. ಇಂಗ್ಲಿಷರ ಜಾಗ್ವಾರನ್ನು 2008ರಲ್ಲಿ ಕೊಂಡದ್ದು ನಮ್ಮ ಟಾಟಾ. ಇದರಲ್ಲಿ ತವರು ಯಾವುದು, ಅತ್ತೆಮನೆ ಯಾವುದು?

ನಮ್ಮದು ಹರಳಿನ ವ್ಯಾಪಾರದ ಊರು. ಹರಳು ಎಲ್ಲಿಯದು ಎಂಬುದಕ್ಕೂ ಬೆಲೆ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಊರು ಕೇಳಿದ ಮಾತ್ರಕ್ಕೆ ಯಾರೂ ಹಣ ಎಣಿಸುವುದಿಲ್ಲ. ಬೆಳಕಿಗೆ ಹಿಡಿದು ಒಳಗೆ ಬಿರುಕಿದೆಯೇ ಎಂದು ನೋಡುತ್ತಾರೆ. ಹರಳಿಗೆ ತೋರುವ ಈ ಎಚ್ಚರ ಹೆಂಡತಿ ಮಕ್ಕಳು ಕೂರುವ ಗಾಡಿಗೆ ಏಕಿಲ್ಲ?

2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದಲ್ಲಿ ಮಾರುತ್ತಿದ್ದ 5 ಚಿಕ್ಕ ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆಸಿ ನೋಡಿತು. ಆಲ್ಟೊ, ನ್ಯಾನೊ, ಫಿಗೊ, ಐ10, ಪೋಲೊ. ಏರ್‌ಬ್ಯಾಗ್ ಇಲ್ಲದ ಆ ಐದಕ್ಕೂ ದೊಡ್ಡವರ ರಕ್ಷಣೆಯಲ್ಲಿ ಸಿಕ್ಕ ನಕ್ಷತ್ರ ಸೊನ್ನೆ. ಸ್ವದೇಶಿಗೂ ಸೊನ್ನೆ, ವಿದೇಶಿಗೂ ಸೊನ್ನೆ! ಅದೇ ಪೋಲೊಗೆ ಎರಡು ಏರ್‌ಬ್ಯಾಗ್ ಹಾಕಿ ಪರೀಕ್ಷಿಸಿದಾಗ 4 ನಕ್ಷತ್ರ ಬಂತು. ವ್ಯತ್ಯಾಸ ದೇಶದಲ್ಲಿರಲಿಲ್ಲ, ಒಳಗೆ ಏನು ಹಾಕಿದ್ದಾರೆ ಎಂಬುದರಲ್ಲಿತ್ತು.

ಇನ್ನೊಂದು ಸಂಗತಿ ಕೇಳಿ. ಚಾಲಕನ ಮುಂದಿನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈಯಲ್ಲಿ. ಪಕ್ಕದ ಸೀಟಿಗೆ ಆ ಕಾನೂನು ಬಂದದ್ದು 2021ರ ಏಪ್ರಿಲ್‌ನಲ್ಲಿ, ಅದೂ ಹೊಸ ಮಾದರಿಗಳಿಗೆ ಮೊದಲು. ಪಕ್ಕದ ಸೀಟಿನಲ್ಲಿ ಕೂರುವವರು ಯಾರು? ಹೆಚ್ಚಾಗಿ ನಾವೇ ಅಲ್ಲವೇ? ಎರಡು ವರ್ಷಕ್ಕೆ ಹತ್ತಿರ ಕಾನೂನಿನ ಕಣ್ಣಿಗೆ ಗಂಡನ ಎದೆ ಕಂಡಿತು, ಹೆಂಡತಿಯದು ಕಾಣಲಿಲ್ಲ. ಜಗಲಿಯ ಎರಡೂ ಪಕ್ಷಗಳು ಇದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ.

'ಕೆಟ್ಟರೆ ಬಿಡಿಭಾಗ ಗೌರಿಬಿದನೂರಿನಲ್ಲಿ ಸಿಗುತ್ತದೆಯೇ?' ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆಯೇ. ಪೂರ್ತಿ ಹೊರದೇಶದಿಂದ ಬರುವ ಕಾರಿಗೆ ಸುಂಕದ ಹೊರೆಯೂ ಉಂಟು. ಅದನ್ನೂ ಲೆಕ್ಕ ಹಾಕಿ. ಆದರೆ ಗಾಡಿಯ ರಿಪೇರಿಗಿಂತ ಮೊದಲು ಮನುಷ್ಯರ ಮೈ ಬರಬೇಕು.

ಆದ್ದರಿಂದ ಅಕ್ಕಂದಿರೇ, ಚಹಾದ ತಟ್ಟೆ ಕೆಳಗಿಟ್ಟು ಮಾತಿನಲ್ಲಿ ನೀವೂ ಸೇರಿ. 2023ರ ಅಕ್ಟೋಬರಿನಲ್ಲಿ ನಮ್ಮಲ್ಲೇ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಶುರುವಾಗಿದೆ. ದೊಡ್ಡವರಿಗೆ ಎಷ್ಟು ನಕ್ಷತ್ರ, ಮಕ್ಕಳಿಗೆ ಎಷ್ಟು ಎಂದು ಬೇರೆ ಬೇರೆಯಾಗಿ ಹೇಳುತ್ತಾರೆ. ಎರಡನ್ನೂ ಕೇಳಿ. ಹಿಂದಿನ ಸೀಟಿನ ಬೆಲ್ಟು ಎಳೆದು ನೋಡಿ. ಮಗುವಿನ ಆಸನ ಕಟ್ಟಲು ಕೊಂಡಿ ಇದೆಯೇ ಎಂದು ತಡಕಿ ನೋಡಿ. ಮುಂದಿನ ಸೀಟಿನಲ್ಲಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳುವ ನಮ್ಮ ರೂಢಿಯನ್ನೂ ಬಿಡೋಣ. ರಭಸದಿಂದ ಉಬ್ಬುವ ಏರ್‌ಬ್ಯಾಗ್ ಮಗುವಿನ ಪ್ರಾಣಕ್ಕೇ ಎರವಾದೀತು. ಇಷ್ಟಕ್ಕೂ ಉತ್ತರ ಸಿಗುವವರೆಗೆ ಮುಂಗಡದ ಹಣ ಮನೆಯ ಬೀರುವಿನಲ್ಲೇ ಇರಲಿ.