ಸ್ಟಾಲ್ ವೇಗವೆಂಬ ಅಂಕಿ

‘ಸ್ಟಾಲ್ ವೇಗ ಹೆಚ್ಚಿದಷ್ಟೂ ಕಾರಿನ ಶಕ್ತಿ ಹೆಚ್ಚು’ ಎಂಬ ಮಾತನ್ನು ಮೋಟಾರು ಗಾಡಿಗಳಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳ ಬಾಯಿಂದ ನಾವು ಆಗಾಗ ಕೇಳುತ್ತೇವೆ. ಈ ಮಾತು ತಪ್ಪೆಂದು ನಮ್ಮ ಅಭಿಪ್ರಾಯ. ತಪ್ಪು ಎಲ್ಲಿದೆಯೆಂದು ತಿಳಿಯಲು ನಾವು ತರಗತಿಯಲ್ಲಿ ಕಲಿತ ಭೌತಶಾಸ್ತ್ರವೇ ಸಾಕು.

ಅನೇಕ ಆಟೊಮ್ಯಾಟಿಕ್ ಕಾರುಗಳಲ್ಲಿ ಎಂಜಿನಿಗೂ ಗೇರುಪೆಟ್ಟಿಗೆಗೂ ನಡುವೆ ಟಾರ್ಕ್ ಕನ್ವರ್ಟರ್ ಎಂಬ, ಎಣ್ಣೆ ತುಂಬಿದ ಸಾಧನವಿರುತ್ತದೆ. ಎಂಜಿನು ತಿರುಗಿಸುವ ಪಂಪು ಎಣ್ಣೆಯನ್ನು ರಭಸದಿಂದ ಚಿಮ್ಮುತ್ತದೆ. ಆ ರಭಸಕ್ಕೆ ಎದುರಿನ ಟರ್ಬೈನು ತಿರುಗುತ್ತದೆ. ಹಿಂದಿರುಗುವ ಎಣ್ಣೆಯ ದಿಕ್ಕನ್ನು ನಡುವಣ ಸ್ಟೇಟರು ಬದಲಿಸಿ ಪಂಪಿಗೆ ಒಪ್ಪಿಸುತ್ತದೆ. ಜರ್ಮನಿಯ ಹರ್ಮನ್ ಫ್ಯೋಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಕೋರಿದುದು ಹಡಗುಗಳಿಗಾಗಿ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಟರ್ಬೋಚಾರ್ಜರಿನ ಮೂಲ ಕಲ್ಪನೆಗೆ ಪೇಟೆಂಟ್ ಕೋರಿದುದೂ ಅದೇ ವರ್ಷ.

ಬ್ರೇಕನ್ನು ಬಿಗಿಯಾಗಿ ಒತ್ತಿ ಆಕ್ಸಿಲರೇಟರನ್ನು ಪೂರ್ತಿ ತುಳಿದೆವೆನ್ನೋಣ. ಚಕ್ರಗಳೊಡನೆ ಟರ್ಬೈನೂ ನಿಂತಿದೆ. ಎಂಜಿನು ಒಂದು ವೇಗಕ್ಕೇರಿ, ಅದನ್ನು ಮೀರಲಾರದೆ ಅಲ್ಲಿಯೇ ಉಳಿಯುತ್ತದೆ. ಅದೇ ಸ್ಟಾಲ್ ವೇಗ. ಆಗ ಟರ್ಬೈನಿನ ಮೇಲಿನ ಟಾರ್ಕು ಎಂಜಿನಿನ ಟಾರ್ಕಿನ ಸುಮಾರು ಎರಡರಷ್ಟಿರುತ್ತದೆ. ಈ ಹೆಚ್ಚುವರಿ ಭಾಗ ಪವಾಡವಲ್ಲ. ತಿರುಗದೆ ನಿಂತ ಸ್ಟೇಟರು ಎಣ್ಣೆಗೆ ಕೊಡುವ ಪ್ರತಿಕ್ರಿಯೆ. ಆದರೆ ಸಾಮರ್ಥ್ಯವೆಂದರೆ ಟಾರ್ಕು ಮತ್ತು ಕೋನವೇಗಗಳ ಗುಣಲಬ್ಧ. ಟರ್ಬೈನಿನ ಕೋನವೇಗ ಸೊನ್ನೆಯಾದ್ದರಿಂದ ಹೊರಬರುವ ಸಾಮರ್ಥ್ಯವೂ ಸೊನ್ನೆಯೇ. ಟಾರ್ಕು ಅತ್ಯಧಿಕವಾಗಿರುವ ಗಳಿಗೆಯಲ್ಲಿಯೇ ದಕ್ಷತೆ ಶೂನ್ಯ!

ಹಾಗಾದರೆ ಎಂಜಿನಿನ ಸಾಮರ್ಥ್ಯ ಎಲ್ಲಿಗೆ ಹೋಯಿತು? ಎಣ್ಣೆಯನ್ನು ಕಾಯಿಸಲು ಹೋಯಿತು. ಎಂಜಿನು ನಿಮಿಷಕ್ಕೆ 2000 ಸುತ್ತಿನಲ್ಲಿ 200 ನ್ಯೂಟನ್-ಮೀಟರ್ ಟಾರ್ಕು ಕೊಡುತ್ತಿದ್ದರೆ ಅದು ಸುಮಾರು 42 ಕಿಲೋವಾಟ್. ಎಣ್ಣೆ 8 ಕಿಲೋಗ್ರಾಂ ಇದ್ದರೆ, ಪ್ರತಿ ಸೆಕೆಂಡಿಗೆ ಅದರ ಉಷ್ಣತೆ ಎರಡೂವರೆ ಡಿಗ್ರಿಯಷ್ಟು ಏರುತ್ತದೆ. ಕೆಲವು ಸೆಕೆಂಡುಗಳಿಗಿಂತ ಹೆಚ್ಚು ಹೊತ್ತು ಹೀಗೆ ಹಿಡಿದರೆ ಎಣ್ಣೆಗೂ ಯಂತ್ರಕ್ಕೂ ಕೇಡು.

ಇನ್ನು ಟರ್ಬೋಚಾರ್ಜರಿನ ವಿಚಾರ. ನಿಂತ ಟರ್ಬೈನಿನೆದುರು ಪಂಪನ್ನು ತಿರುಗಿಸಲು ಬೇಕಾದ ಟಾರ್ಕು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಟರ್ಬೋಚಾರ್ಜರು ಹೆಚ್ಚು ಗಾಳಿಯನ್ನು ನೂಕಿ ಎಂಜಿನಿನ ಟಾರ್ಕನ್ನು 400ಕ್ಕೆ ಏರಿಸಿದರೆ, ಅದೇ ಕನ್ವರ್ಟರಿನ ಸ್ಟಾಲ್ ವೇಗ 2000ದಿಂದ ಸುಮಾರು 2830ಕ್ಕೆ ಏರುತ್ತದೆ; ಉಷ್ಣದ ಹೊರೆ 118 ಕಿಲೋವಾಟಿಗೆ ಮುಟ್ಟುತ್ತದೆ. ಕನ್ವರ್ಟರು ಬದಲಾಗಲಿಲ್ಲ, ಅಂಕಿ ಬದಲಾಯಿತು. ಆದ್ದರಿಂದ ಸ್ಟಾಲ್ ವೇಗವು ಕನ್ವರ್ಟರೊಂದರ ಸ್ವಂತ ಗುಣವಲ್ಲ. ಎಂಜಿನಿಗೂ ಅದಕ್ಕೂ ಇರುವ ಸಂಬಂಧ.

ಹೆಚ್ಚಿನ ಸ್ಟಾಲ್ ವೇಗದಿಂದ ಪ್ರಯೋಜನವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಕಡಮೆ ವೇಗದಲ್ಲಿ ಹೊಗೆಯ ಪ್ರವಾಹ ಸಾಲದೆ ಟರ್ಬೋಚಾರ್ಜರು ತೂಕಡಿಸುತ್ತಿರುತ್ತದೆ; ಎಂಜಿನನ್ನು ಆ ಹಂತದಿಂದ ಬೇಗ ದಾಟಿಸಲು ಸಡಿಲವಾದ ಕನ್ವರ್ಟರು ನೆರವಾಗುವುದು ನಿಜ. ಆದರೆ ಅದೇ ಸಡಿಲಿಕೆ ನಿತ್ಯದ ಸಂಚಾರದಲ್ಲಿ ಜಾರಿಕೆಯಾಗಿ, ಇಂಧನದ ನಷ್ಟವಾಗಿ ಪರಿಣಮಿಸುತ್ತದೆ.

ಅಂಕಿಯೊಂದನ್ನು ಕಂಡೊಡನೆ ‘ಎಷ್ಟು ದೊಡ್ಡದು?’ ಎಂದು ಬೆರಗಾಗುವುದಕ್ಕಿಂತ ‘ಇದು ಯಾವುದರೊಡನೆ ಅಳೆದದ್ದು, ಶಕ್ತಿ ಎಲ್ಲಿ ಹೋಯಿತು?’ ಎಂದು ಕೇಳುವುದು ಮೇಲು. ಸೂತ್ರಗಳನ್ನು ಬಾಯಿಪಾಠ ಮಾಡಿದವರು ನಮ್ಮಲ್ಲಿ ಬಹುಮಂದಿ; ಈ ಪ್ರಶ್ನೆಯನ್ನು ಕೇಳುವವರು ಇನ್ನೂ ಹೆಚ್ಚಬೇಕು.